ಕುದಿಸಿದರೆ ಸಾಲದು

ಪುಷ್ಯಮಾಸದ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮಲೆಗಳಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಭರದಿಂದ ಸಾಗಿರುತ್ತದೆ. ಆಷಾಢದಲ್ಲಿ ಭೋರ್ಗರೆದ ಹಳ್ಳಗಳು ಅಷ್ಟರಲ್ಲಿ ಬಡಕಲಾಗಿ, ಕಲ್ಲುಗಳ ನಡುವೆ ಹರಿಯುತ್ತಿರುತ್ತವೆ. ತೋಟದ ಕೊಳೆ ಹೆಚ್ಚುವುದೂ ಹಳ್ಳದ ನೀರು ತಗ್ಗುವುದೂ ಒಂದೇ ಕಾಲದಲ್ಲಿ. ಈ ಬರಹದ ಚಿಂತೆ ಅಲ್ಲಿಂದಲೇ ಆರಂಭವಾಗುತ್ತದೆ.

ಹಣ್ಣಿನ ಸಿಪ್ಪೆಯನ್ನು ಪಲ್ಪರ್ ಯಂತ್ರದಲ್ಲಿ ಸುಲಿದು, ಬೀಜಕ್ಕಂಟಿದ ಲೋಳೆಯನ್ನು ಹುದುಗಿಸಿ ತೊಳೆದಾಗ ಪಾರ್ಚ್‌ಮೆಂಟ್ ಕಾಫಿ ದೊರೆಯುತ್ತದೆ. ತೊಳೆದ ನೀರಿನಲ್ಲಿ ಸಕ್ಕರೆಯ ಅಂಶವೂ ಹುಳಿಯೂ ತುಂಬಿರುತ್ತವೆ. ಅದು ಹಾಗೆಯೇ ಹಳ್ಳ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುತ್ತ ನೀರಿನೊಳಗಿನ ಆಮ್ಲಜನಕವನ್ನು ಬರಿದುಮಾಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ, ನೀರು ಕಪ್ಪಾಗುತ್ತದೆ. ಆ ದಿನಗಳಲ್ಲಿ ಹಳ್ಳದ ಬದಿ ನಡೆದವರಿಗೆ ಆ ನಾತವನ್ನು ವಿವರಿಸಬೇಕಾಗಿಲ್ಲ.

ನೀರನ್ನು ಕುದಿಸಿ ಆರಿಸಿ ಕುಡಿಯಿರಿ ಎಂಬುದು ಆರೋಗ್ಯದ ಬರಹಗಳಲ್ಲಿ ಸದಾ ಕೇಳಿಬರುವ ಹಿತವಚನ. ಅದು ಸರಿಯೇ, ಕುದಿಸಿದರೆ ರೋಗಾಣುಗಳು ನಾಶವಾಗುತ್ತವೆ. ಆದರೆ ಬೋರ್ಡೋ ದ್ರಾವಣದ ಮೈಲುತುತ್ತ ನಾಶವಾಗದು. ಯೂರಿಯಾ ಗೊಬ್ಬರದಿಂದ ಬರುವ ನೈಟ್ರೇಟ್, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸಾಂದ್ರವಾಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ ವಿಧಿಸಿದೆ. ಮಿತಿ ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಆದುದರಿಂದ ಔಷಧಿ ಸಿಂಪಡಿಸಿದ ಪಂಪು, ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯುವುದು ಸಣ್ಣ ತಪ್ಪಲ್ಲ.

ಈ ನೀರನ್ನು ಕುಡಿಯುವವರು ಯಾರು? ಬಂಗಲೆಗೆ ಕೊಳವೆಬಾವಿಯಿರುತ್ತದೆ. ಕೆಳಗಿನ ಲೈನ್‌ಮನೆಯ ತಾಯಿ ಕೊಡ ಹಿಡಿದು ಹೋಗುವುದು ಹಳ್ಳಕ್ಕೆ. ಶ್ರೀಮಠದ ಸದ್ಭಕ್ತರಲ್ಲಿ ಈ ಇಬ್ಬರೂ ಇದ್ದಾರೆ, ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ಅಷ್ಟರಿಂದಲೇ ಈ ಮಾತನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಆಡಬೇಕೆನಿಸಿತು.

ಕುದುರೆಮುಖದ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿದ್ದಾಗ ನಾಡೆಲ್ಲ ದನಿಯೆತ್ತಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಲ್ಲಿ ಬೊಟ್ಟುಮಾಡಲು ಒಂದು ದೊಡ್ಡ ಕಂಪನಿಯಿತ್ತು. ಇಲ್ಲಿ ತೋಟಗಳು ಅನೇಕ. ಪ್ರತಿಯೊಬ್ಬರ ಪಾಲೂ ಅಲ್ಪವೆಂದು ತೋರುತ್ತದೆ. ಭದ್ರೆಗೂ ಹೇಮಾವತಿಗೂ ಸೇರುವುದು ಆ ಅಲ್ಪಗಳ ಮೊತ್ತ.

ಪರಿಹಾರ ತಿಳಿಯದ ವಿಷಯವೇನಲ್ಲ. ತಳ ಸೋರದ ಹೊಂಡಗಳಲ್ಲಿ ಪಲ್ಪರ್ ನೀರನ್ನು ನಿಲ್ಲಿಸಿ, ಸುಣ್ಣದಿಂದ ಹುಳಿ ತಗ್ಗಿಸಿ, ಹಂತಹಂತವಾಗಿ ಶುದ್ಧಗೊಳಿಸಬಹುದು. ಕಡಿಮೆ ನೀರು ಬಳಸುವ ಯಂತ್ರಗಳೂ ಬಂದಿವೆ. ಹಣ್ಣನ್ನು ಸಿಪ್ಪೆಸಹಿತ ಒಣಗಿಸಿ ಚೆರ್ರಿ ಮಾಡಿದರೆ ತೊಳೆಯುವ ನೀರೇ ಇಲ್ಲ. ಆದರೆ ಪಾರ್ಚ್‌ಮೆಂಟ್‌ಗೆ ಸಿಗುವ ಬೆಲೆ ಅದಕ್ಕೆ ಸಿಗದೆಂಬುದು ಬೆಳೆಗಾರರ ಅಳಲು. ಎರಡು ಮೂರು ಎಕರೆಯವರಿಗೆ ಹೊಂಡದ ಖರ್ಚು ಭಾರವೆಂಬುದೂ ನಿಜ. ಅಂಥವರು ನಾಲ್ಕಾರು ಮಂದಿ ಸೇರಿ ಒಂದೇ ಪಲ್ಪರ್, ಒಂದೇ ಹೊಂಡ ಮಾಡಿಕೊಳ್ಳುವುದು ಮೇಲು. ದೊಡ್ಡ ತೋಟದವರಿಗೆ ಮಾತ್ರ ಈ ನೆಪ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳ್ಳದ ಅಂಚಿನ ಕಾಡುಮರ, ಪೊದೆಗಳನ್ನು ಉಳಿಸಿ, ಅಲ್ಲಿಗೆ ಗೊಬ್ಬರ ಹಾಕದೆ ಬಿಟ್ಟರೆ ಮೇಲಿನಿಂದ ಕೊಚ್ಚಿಬರುವ ಮಣ್ಣನ್ನೂ ಗೊಬ್ಬರವನ್ನೂ ಆ ಬೇರುಗಳೇ ಬಹುಮಟ್ಟಿಗೆ ತಡೆಯುತ್ತವೆ. ಅದಕ್ಕೆ ಹಣ ಬೇಡ, ಕೊನೆಯ ಸಾಲಿನ ಕೆಲವು ಗಿಡಗಳ ಆಸೆ ಬಿಡಬೇಕು. ಹೊಂಡದ ಕೆಲಸವನ್ನಂತೂ ಮುಂಗಾರು ಹಿಡಿಯುವ ಮೊದಲೇ ಮುಗಿಸಬೇಕು. ಮಲೆನಾಡಿನ ಮಳೆಯಲ್ಲಿ ಅಗೆದ ಗುಂಡಿ ನಿಲ್ಲುವುದಿಲ್ಲ.