ಇಲಾಖೆಯ ಒಳಜಾಲವೂ ಹೋಬಳಿಯ ನೌಕರರೂ

ದೊಡ್ಡ ಕಂಪೆನಿಗಳಲ್ಲಿಯೂ ಸರ್ಕಾರದ ಇಲಾಖೆಗಳಲ್ಲಿಯೂ ನೌಕರರ ಉಪಯೋಗಕ್ಕಾಗಿಯೇ ಏರ್ಪಡಿಸಲ್ಪಡುವ ಇಂಟ್ರಾನೆಟ್ ಎಂಬ ಒಳಜಾಲವು ಈಗ ಹೊಸ ಸಂಗತಿಯಲ್ಲ. ಹೊರಗಿನವರಿಗೆ ತೆರೆಯದೆ, ಸಿಬ್ಬಂದಿಯವರು ಮಾತ್ರ ಕಂಪ್ಯೂಟರಿನಲ್ಲಾಗಲಿ ಮೊಬೈಲಿನಲ್ಲಾಗಲಿ ನೋಡತಕ್ಕ ಸುತ್ತೋಲೆ, ನಮೂನೆ, ನಿಯಮ, ತಾಂತ್ರಿಕ ಸಲಹೆ ಮೊದಲಾದವುಗಳ ಭಂಡಾರವಿದು. ಇದನ್ನು ಕಟ್ಟುವುದಕ್ಕೆ ಹಣವೂ ಯಂತ್ರವೂ ದೊರೆಯುವುದು ಅಷ್ಟೇನೂ ಕಷ್ಟವಲ್ಲ. ಕಟ್ಟಿದ ಮೇಲೆ ಯಾರೂ ತೆರೆದು ನೋಡದಿರುವುದೇ ಸಾಮಾನ್ಯವಾಗಿ ಒದಗುವ ವಿಪತ್ತು. ನೌಕರರು ಹೋಬಳಿ ಹೋಬಳಿಗಳಲ್ಲಿ ಚದುರಿರುವ ಕೃಷಿ ಇಲಾಖೆಯಂಥ ಕಡೆಯಲ್ಲಿ ಈ ವಿಪತ್ತಿನ ನಷ್ಟವು ಕಚೇರಿಯಲ್ಲಿಯೇ ನಿಲ್ಲದೆ ರೈತನ ಹೊಲದವರೆಗೂ ಹೋಗುವುದು.

2018ನೆಯ ಇಸವಿ ಮೇ ತಿಂಗಳಿನಲ್ಲಿ ಶಿವಮೊಗ್ಗದ ಕಡೆಯ ಮುಸುಕಿನ ಜೋಳದ ಹೊಲಗಳಲ್ಲಿ, ಅಮೆರಿಕ ಖಂಡದ ಮೂಲದ್ದಾದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು ಗುರುತಿಸಲ್ಪಟ್ಟಿತು. ಇಂಥ ಹೊಸ ಪೀಡೆಯು ಕಾಣಿಸಿಕೊಂಡಾಗ ರೈತ ಸಂಪರ್ಕ ಕೇಂದ್ರದಲ್ಲಿ ಕುಳಿತ ಅಧಿಕಾರಿಗೆ ಬೇಕಾಗುವುದು ಬಹಳವಲ್ಲ. ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದ ಗುರುತು, ಹಿಂಭಾಗದಲ್ಲಿ ಕೊನೆಯದಕ್ಕೆ ಮೊದಲಿನ ಉಂಗುರದ ಮೇಲೆ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳು, ಹೀಗೆ ಹುಳುವಿನ ಲಕ್ಷಣವನ್ನು ತೋರಿಸುವ ಒಂದು ಚಿತ್ರ. ಆ ದಿನಕ್ಕೆ ಅನ್ವಯಿಸುವ ಶಿಫಾರಸು. ಸಂದೇಹವಾದರೆ ಕೇಳತಕ್ಕವರ ದೂರವಾಣಿ ಸಂಖ್ಯೆ. ಒಳಜಾಲದ ಮೊದಲ ಪುಟವು ಇದನ್ನು ಕೊಡದೆ, ಸಮಾರಂಭಗಳ ಛಾಯಾಚಿತ್ರಗಳನ್ನೂ ಅಧಿಕಾರಿಗಳ ಸಂದೇಶಗಳನ್ನೂ ಕೊಡುತ್ತಿದ್ದರೆ, ಎದುರಿಗೆ ರೈತನು ಕೀಟ ಕಡಿದ ಸುಳಿಯನ್ನು ಹಿಡಿದು ನಿಂತಿರುವಾಗ ಆ ಅಧಿಕಾರಿಯು ಅದನ್ನು ಎರಡನೆಯ ಸಲ ತೆರೆಯಲಾರನು.

ಇನ್ನು ಹುಡುಕುವ ವಿಷಯ. ಒಂದೇ ಬೆಳೆಯನ್ನು ಮೈಸೂರು ಸೀಮೆಯವರು ಮುಸುಕಿನ ಜೋಳವೆಂದೂ, ಧಾರವಾಡ ಹಾವೇರಿಗಳ ಕಡೆಯವರು ಗೋವಿನ ಜೋಳವೆಂದೂ, ಮತ್ತೆ ಕೆಲವರು ಮೆಕ್ಕೆಜೋಳವೆಂದೂ ಕರೆಯುವರು. ಪುಟದಲ್ಲಿ ಒಂದು ಹೆಸರು ಮಾತ್ರ ಇದ್ದಲ್ಲಿ ಉಳಿದೆರಡನ್ನು ಬರೆದು ಹುಡುಕುವವನಿಗೆ ಬರಿಗೈಯೇ ಗತಿ. ಇದಕ್ಕಿಂತ ದೊಡ್ಡ ತೊಡಕು, ಹಳೆಯ ಸುತ್ತೋಲೆಗಳನ್ನು ಛಾಯಾಪ್ರತಿಯಾಗಿ ಏರಿಸಿಬಿಡುವ ಪದ್ಧತಿ. ಅಕ್ಷರವಲ್ಲದ ಚಿತ್ರದೊಳಗಿನ ಮಾತನ್ನು ಯಂತ್ರವು ತಾನಾಗಿ ಓದಲಾರದು. ಯೂನಿಕೋಡ್ ಬರುವುದಕ್ಕೆ ಮೊದಲಿನ ನುಡಿ ಲಿಪಿಯಲ್ಲಿ ಬೆರಳಚ್ಚಾದ ಕಡತಗಳನ್ನು ಪರಿವರ್ತಿಸದೆ ಇಟ್ಟರೂ ಅದೇ ಫಲ. ಕನ್ನಡದ ಕಡತಗಳನ್ನು ಯೂನಿಕೋಡಿಗೆ ತಂದು, ಪ್ರತಿಯೊಂದು ಪುಟಕ್ಕೂ ಬೆಳೆಯ ಎಲ್ಲ ರೂಢಿಯ ಹೆಸರುಗಳನ್ನು ಜೋಡಿಸುವುದು ಬೇಸರದ ಕೆಲಸವೆಂಬುದು ನಿಜ. ಆದರೂ ಇದನ್ನು ಬಿಟ್ಟು ಬಣ್ಣದ ವಿನ್ಯಾಸಕ್ಕೆ ಹಣ ವೆಚ್ಚಮಾಡುವುದು ಬಾವಿ ತೋಡದೆ ಕಟ್ಟೆ ಕಟ್ಟಿದಂತೆ.

ಪುಟವು ಸಿಕ್ಕರೂ ಸಾಲದು. ಒಂದು ಕಾಲದಲ್ಲಿ ಹಲವು ಬೆಳೆಗಳ ಕೀಟಗಳಿಗೆ ಬಳಕೆಯಲ್ಲಿದ್ದ ಫೋರೇಟ್ ಹರಳು, ಟ್ರೈಅಜೋಫಾಸ್, ಡೈಕ್ಲೋರ್‌ವಾಸ್ ಮೊದಲಾದ ಔಷಧಗಳನ್ನು ಕೇಂದ್ರ ಸರ್ಕಾರದವರು 2018ರ ಆಗಸ್ಟಿನ ಆಜ್ಞೆಯಂತೆ 2020ರ ಡಿಸೆಂಬರ್ 31ರಿಂದ ನಿಷೇಧಿಸಿದರು. ಅದಕ್ಕೆ ಮುಂಚೆ ಬರೆದ ಸಲಹಾಪುಟವೊಂದು ಯಾರ ಕಣ್ಣಿಗೂ ಬೀಳದೆ ಹಾಗೆಯೇ ಉಳಿದಿದ್ದರೆ, ಹೊಸದಾಗಿ ಕೆಲಸಕ್ಕೆ ಸೇರಿದ ತರುಣನು ಇಲಾಖೆಯ ಮುದ್ರೆಯನ್ನು ನಂಬಿ ನಿಷಿದ್ಧವಾದ ವಿಷವನ್ನೇ ರೈತನಿಗೆ ಹೇಳುವ ಸಂಭವವುಂಟು. ತಪ್ಪು ಪುಟಕ್ಕಿಂತ ಪುಟವಿಲ್ಲದಿರುವುದೇ ಮೇಲು. ಆದಕಾರಣ ಪ್ರತಿಯೊಂದು ಪುಟದ ತಲೆಯಲ್ಲಿ ಅದಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆಯೂ, ಕೊನೆಯ ಸಲ ಪರಿಶೀಲಿಸಿದ ತಾರೀಖೂ ಕಾಣತಕ್ಕದ್ದು. ಗೊತ್ತಾದ ಅವಧಿಯೊಳಗೆ ಪರಿಶೀಲನೆಯಾಗದ ಸಲಹಾಪುಟವು ತಾನಾಗಿಯೇ ಮರೆಯಾಗತಕ್ಕದ್ದು. ಐದು ಸಾವಿರ ಪುಟಗಳುಂಟೆಂದು ವರದಿಯಲ್ಲಿ ಬರೆಯುವುದಕ್ಕಿಂತ ಜೀವವಿರುವ ಇನ್ನೂರು ಪುಟಗಳಿರುವುದು ಲೇಸು.

ನೌಕರರು ಬದಲಾದಾಗ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುವ ಕಷ್ಟವು ಈ ದೇಶದ್ದೊಂದೇ ಅಲ್ಲ. ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಇದೇ ಕಷ್ಟವನ್ನು ಕಂಡು ಟಿಮ್ ಬರ್ನರ್ಸ್-ಲೀ ಎಂಬವರು 1989ರ ಮಾರ್ಚಿಯಲ್ಲಿ ಬರೆದುಕೊಟ್ಟ ಸೂಚನೆಯಿಂದಲೇ ಇಂದಿನ ವಿಶ್ವವ್ಯಾಪಿ ಜಾಲವು ಹುಟ್ಟಿತು. ಅಲ್ಲಿನವರು ಆ ಹೊಸ ಜಾಲವನ್ನು ಮೊದಮೊದಲು ತೆರೆದುದು ಘನವಾದ ಶಾಸ್ತ್ರವಿಷಯಕ್ಕಾಗಿ ಅಲ್ಲ. ಸಂಸ್ಥೆಯ ಟೆಲಿಫೋನ್ ಪಟ್ಟಿಯು ಅದರಲ್ಲಿ ಸುಲಭವಾಗಿ ಸಿಕ್ಕುತ್ತಿದ್ದುದಕ್ಕಾಗಿ. ಯೋಜನೆ ಹಾಕುವವರು ಇದನ್ನು ಮನಸ್ಸಿನಲ್ಲಿಟ್ಟರೆ ಬಹಳ ಹಣ ಉಳಿಯುವುದು.

ವಾಟ್ಸ್‌ಆ್ಯಪ್ ಗುಂಪುಗಳಿರುವಾಗ ಬೇರೆ ಜಾಲವೇತಕ್ಕೆ ಎಂದು ಕೇಳುವವರುಂಟು. ತುರ್ತು ಸುದ್ದಿಯನ್ನು ಮುಟ್ಟಿಸುವುದರಲ್ಲಿ ಅವುಗಳಿಗೆ ಸಮಾನವಾದುದು ಇಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಬಿತ್ತನೆ ಬೀಜದ ಸಹಾಯಧನದ ವಿಷಯವಾಗಿ ಸೋಮವಾರ ಒಂದು ಸಂದೇಶ, ಬುಧವಾರ ತಿದ್ದುಪಡಿ, ಶುಕ್ರವಾರ ಮತ್ತೊಂದು ಸ್ಪಷ್ಟೀಕರಣ ಬಂದಾಗ, ಯಾವುದು ಜಾರಿಯಲ್ಲಿದೆಯೆಂದು ಮುಂದಿನ ತಿಂಗಳು ಹೇಳಬಲ್ಲವರಾರು? ಜೂನ್ ತಿಂಗಳಲ್ಲಿ ವರ್ಗವಾಗಿ ಬಂದವನಿಗೆ ಮೇ ತಿಂಗಳ ಮಾತು ಕಾಣುವುದೇ ಇಲ್ಲ. ಗುಂಪಿನಲ್ಲಿ ಹೋಗತಕ್ಕದ್ದು ಸುದ್ದಿ ಮತ್ತು ಒಳಜಾಲದ ಪುಟದ ವಿಳಾಸ ಮಾತ್ರ. ಆಜ್ಞೆಯು ನೆಲಸತಕ್ಕದ್ದು ಆ ಒಂದೇ ಪುಟದಲ್ಲಿ.

ಆದುದರಿಂದ ಯೋಜನೆಯು ಕೇಂದ್ರ ಕಚೇರಿಯ ಮೇಜಿನಿಂದ ಆರಂಭವಾಗಕೂಡದು. ಮಲೆನಾಡಿನದೊಂದು, ಬಯಲುಸೀಮೆಯದೊಂದು, ನೀರಾವರಿ ಪ್ರದೇಶದ್ದೊಂದು, ಹೀಗೆ ಮೂರು ಕೇಂದ್ರಗಳಲ್ಲಿ ಮುಂಗಾರು ಬಿತ್ತನೆಯ ಕಾಲದಲ್ಲಿ ಒಂದು ವಾರ ಕುಳಿತು, ರೈತರು ನೌಕರನನ್ನೂ ನೌಕರನು ಮೇಲಧಿಕಾರಿಯನ್ನೂ ಏನೇನು ಕೇಳುವರೆಂದು ಬರೆದುಕೊಂಡರೆ ಮೊದಲ ಐವತ್ತು ಪುಟಗಳು ತಾವೇ ಗೊತ್ತಾಗುವುವು. ಸಿಗ್ನಲ್ ದುರ್ಬಲವಾದ ಊರುಗಳಲ್ಲಿಯೂ ಬೇಗ ತೆರೆಯುವಂತೆ ಆ ಪುಟಗಳು ಹಗುರವಾಗಿರಬೇಕು. ನಡೆಸತೊಡಗಿದ ಮೇಲೆ ಎಷ್ಟು ಜನ ಬಂದರೆಂಬ ಲೆಕ್ಕಕ್ಕಿಂತ, ಏನನ್ನು ಹುಡುಕಿ ಬರಿಗೈಯಲ್ಲಿ ಹೋದರೆಂಬ ಪಟ್ಟಿಯು ಹೆಚ್ಚು ಪ್ರಯೋಜನಕರವಾದುದು. ಅದನ್ನು ವಾರಕ್ಕೊಮ್ಮೆ ಓದಿ ಕೊರತೆಯನ್ನು ತುಂಬುವ ಒಬ್ಬ ಅಧಿಕಾರಿಗೆ, ಇತರ ಕೆಲಸದ ಜೊತೆಗೆ ಅಲ್ಲದೆ ಇದನ್ನೇ ಕೆಲಸವಾಗಿ ಕೊಡಬೇಕು.

ಅಧಿಕಾರಿಯು ವರ್ಗವಾಗುವಾಗ ದಾಸ್ತಾನು ಪುಸ್ತಕ, ನಗದು ಪುಸ್ತಕ, ಬೀಗದ ಕೈ ಇವುಗಳನ್ನು ಪಟ್ಟಿ ಮಾಡಿ ರುಜು ಪಡೆದು ಚಾರ್ಜು ಒಪ್ಪಿಸುವುದು ಹಿಂದಿನಿಂದ ಬಂದ ಕ್ರಮ. ಅವನ ಹೊಣೆಯಲ್ಲಿರುವ ಪುಟಗಳೂ ಅದೇ ಚಾರ್ಜುಪಟ್ಟಿಯಲ್ಲಿ ಸೇರಿ, ಹೊಸಬನ ರುಜುವಾದ ಮೇಲೆಯೇ ಹಳಬನಿಗೆ ಬಿಡುಗಡೆಯಾಗತಕ್ಕದ್ದು.