ಲೈಬ್ರರಿ ಇನ್‌ಸ್ಟಾಲ್ ಆಗಿದ್ದರೂ ಲಿನಕ್ಸ್ ‘ಸಿಗುತ್ತಿಲ್ಲ’ ಎನ್ನುವುದೇಕೆ?

ಲಿನಕ್ಸ್‌ನಲ್ಲಿ ಪ್ರೋಗ್ರಾಂ ಕಂಪೈಲ್ ಮಾಡುವಾಗ ‘ಫೈಲ್ ಸಿಗುತ್ತಿಲ್ಲ’ ಎಂಬ ಎರರ್ ಬಂತು. ಗ್ರೂಪ್‌ನಲ್ಲಿ ಕೇಳಿದರೆ ಯಾರೋ ಒಂದು ಲಿಂಕ್ ಫಾರ್ವರ್ಡ್ ಮಾಡುತ್ತಾರೆ: ‘ಇದನ್ನು ಡೌನ್‌ಲೋಡ್ ಮಾಡಿ, ಸುಡೊ ಹಾಕಿ ಸಿಸ್ಟಂ ಫೋಲ್ಡರ್‌ಗೆ ಕಾಪಿ ಮಾಡಿ.’ ದಯವಿಟ್ಟು ಮಾಡಬೇಡಿ. ಎಷ್ಟೋ ಸಲ ಆ ಲೈಬ್ರರಿ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ.

ಹಾಗಾದರೆ ಎರರ್ ಏಕೆ? ಹುಡುಕಾಟ ನಡೆಯುವುದು ಒಂದು ಸಲವಲ್ಲ, ಮೂರು ಸಲ. ಮೊದಲು ಕಂಪೈಲರ್ ಹೆಡರ್ ಫೈಲ್‌ಗಳನ್ನು ಹುಡುಕುತ್ತದೆ. ಲೈಬ್ರರಿಯಲ್ಲಿ ಯಾವ ಫಂಕ್ಷನ್‌ಗಳಿವೆ ಎಂಬ ವಿವರ ಇರುವುದು ಅವುಗಳಲ್ಲಿ. ಜಿಸಿಸಿ ಸಾಮಾನ್ಯವಾಗಿ ‘/ಯುಎಸ್ಆರ್/ಲೋಕಲ್/ಇನ್‌ಕ್ಲೂಡ್’ ನೋಡಿ, ಆಮೇಲೆ ‘/ಯುಎಸ್ಆರ್/ಇನ್‌ಕ್ಲೂಡ್’ ನೋಡುತ್ತದೆ. ನಂತರ ಲಿಂಕರ್ ‘ಲಿಬ್’ ಫೋಲ್ಡರ್‌ಗಳಲ್ಲಿ ಲೈಬ್ರರಿ ಫೈಲನ್ನೇ ಹುಡುಕುತ್ತದೆ. ಕೊನೆಗೆ ಪ್ರೋಗ್ರಾಂ ರನ್ ಆಗುವಾಗ ಲೋಡರ್ ತನ್ನದೇ ಪಟ್ಟಿ ಹಿಡಿದು ಮತ್ತೆ ಹುಡುಕುತ್ತದೆ.

ಹೆಚ್ಚಿನವರು ಎಡವುವುದು ಮೊದಲ ಹಂತದಲ್ಲೇ. ಡೆಬಿಯನ್, ಉಬುಂಟುಗಳಲ್ಲಿ ಒಂದೇ ಲೈಬ್ರರಿಯನ್ನು ಎರಡು ಪ್ಯಾಕೇಜ್ ಮಾಡಿಟ್ಟಿರುತ್ತಾರೆ. ಓಪನ್‌ಎಸ್‌ಎಸ್‌ಎಲ್ ನೋಡಿ: ಪ್ರೋಗ್ರಾಂ ರನ್ ಆಗಲು ಬೇಕಾದ ಭಾಗ ಮೊದಲೇ ಇರುತ್ತದೆ, ಹೆಡರ್‌ಗಳು ಮಾತ್ರ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಎಂಬ ಬೇರೆ ಪ್ಯಾಕೇಜ್‌ನಲ್ಲಿ. ಅದನ್ನು ‘ಆ್ಯಪ್ಟ್’ನಿಂದ ಹಾಕಿಕೊಂಡರೆ ಮುಗಿಯಿತು. ಫೆಡೋರಾದಲ್ಲಿ ಹೆಸರಿನ ಕೊನೆಗೆ ‘ಡೆವೆಲ್’ ಇರುತ್ತದೆ. ಇನ್ನು ನೀವೇ ಕಂಪೈಲ್ ಮಾಡಿ ‘/ಯುಎಸ್ಆರ್/ಲೋಕಲ್/ಲಿಬ್’ನಲ್ಲಿಟ್ಟ ಲೈಬ್ರರಿ ರನ್ ಮಾಡುವಾಗ ಸಿಗದಿದ್ದರೆ, ಲೋಡರ್‌ನ ಪಟ್ಟಿ ಹಳೆಯದಾಗಿರಬಹುದು. ‘ಸುಡೊ ಎಲ್‌ಡಿಕಾನ್ಫಿಗ್’ ಕೊಟ್ಟರೆ ಪಟ್ಟಿ ಹೊಸದಾಗುತ್ತದೆ.

ಎಲ್ಲಿಂದಲೋ ತಂದ ಫೈಲ್ ಹಾಕಿದರೆ ಏನಾಗುತ್ತದೆ? ಲೈಬ್ರರಿ ಎಂದರೆ ಫೋಟೋದಂತೆ ಸುಮ್ಮನೆ ಬಿದ್ದಿರುವ ಫೈಲ್ ಅಲ್ಲ. ಅದನ್ನು ಬಳಸುವ ಪ್ರೋಗ್ರಾಂಗೆ ಇರುವ ಅಧಿಕಾರವೆಲ್ಲ ಅದಕ್ಕೂ ಸಿಗುತ್ತದೆ. ಆ ಪ್ರೋಗ್ರಾಂ ರೂಟ್ ಆಗಿ ರನ್ ಆಗುತ್ತಿದ್ದರೆ, ಇಡೀ ಕಂಪ್ಯೂಟರ್ ಆ ಫೈಲ್ ಬರೆದವರ ಕೈಗೆ ಹೋಗಬಹುದು.

ಇದು ಬರೀ ಹೆದರಿಸುವ ಮಾತಲ್ಲ. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಎಂಬ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಪತ್ತೆಯಾಯಿತು. ರಿಮೋಟ್ ಲಾಗಿನ್‌ಗೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಅದು ಯೋಜನೆಯ ಅಧಿಕೃತ ಬಿಡುಗಡೆಯಲ್ಲೇ ಸೇರಿಕೊಂಡಿತ್ತು. ಸುದ್ದಿ ಹೊರಬಿದ್ದ ಕೂಡಲೇ ಡಿಸ್ಟ್ರೋಗಳು ಹಳೆಯ ಆವೃತ್ತಿಗೆ ಮರಳಿದವು, ಬಳಕೆದಾರರಿಗೆ ಅಪ್‌ಡೇಟ್‌ನಲ್ಲೇ ಪರಿಹಾರ ಬಂತು. ಗ್ರೂಪ್‌ನ ಲಿಂಕ್‌ನಿಂದ ತಂದು ಕಾಪಿ ಮಾಡಿದ ಫೈಲ್‌ಗೆ ಅಂಥ ಅಪ್‌ಡೇಟ್ ಯಾರೂ ಕಳಿಸುವುದಿಲ್ಲ.