ಪಂಚನಾಮೆಯಲ್ಲಿ ಇಲ್ಲದ ನಷ್ಟ

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದ ಮೇಲೆ, ತೀರ್ಥಹಳ್ಳಿಯ ಹೊಳೆದಂಡೆಯಲ್ಲಿರುವ ನಮ್ಮ ಅತ್ತೆಗೆ ಮಳೆಗಾಲದ ನಿದ್ದೆ ಹೋಯಿತು. ಮಳೆ ಜೋರಾದರೆ ನಡುರಾತ್ರಿ ಬ್ಯಾಟರಿ ಹಿಡಿದು ತೋಟದಂಚಿಗೆ ಹೋಗಿ ನೀರು ನೋಡಿ ಬರುತ್ತಾರೆ. ಪಹಣಿ, ಪಾಸ್‌ಬುಕ್ಕು ಜೂನ್‌ನಲ್ಲೇ ಪ್ಲಾಸ್ಟಿಕ್ ಕವರು ಸೇರುತ್ತವೆ. ಬಿದ್ದ ಗೋಡೆ ಪಂಚನಾಮೆ ಸೇರಿತು, ಪರಿಹಾರ ಬಂತು. ಹೋದ ನಿದ್ದೆಯನ್ನು ಯಾರೂ ಕೇಳಲಿಲ್ಲ.

ನಮ್ಮಪ್ಪ ಹೊಸನಗರ ಕಡೆಯವರು, 1964ರ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಮನೆಯ ಜಗಲಿಕಲ್ಲು ಹುಡುಕಿಕೊಂಡು ಹೋಗುತ್ತಿದ್ದರು. ಬಂದ ಮೇಲೆ ಊಟ ಸೇರುತ್ತಿರಲಿಲ್ಲ, ಮಾತೂ ಇಲ್ಲ. ಮನೆಯಲ್ಲಿ ಅದಕ್ಕೆ ‘ಅಪ್ಪನ ಸ್ವಭಾವ’ ಎಂದೆವು. ಸಾಗರದ ನಾ. ಡಿಸೋಜ ಇಂಥವರ ಬದುಕನ್ನು ಕಾದಂಬರಿಗಳಲ್ಲಿ ಬರೆದಿಟ್ಟರು. ಇಲಾಖೆಗಳು ಓದಿದಂತಿಲ್ಲ.

ಇಂಥ ನೋವು ಹೇಳಿಕೊಳ್ಳಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಇದೆ, ನಿಜ. ಆದರೆ ಕರೆಂಟು ಹೋದರೆ ಹಿನ್ನೀರಿನ ಹಳ್ಳಿಗಳಲ್ಲಿ ಟವರೂ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಯ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ಶಿಬಿರಕ್ಕೆ ಬಸ್ಸು ಹಿಡಿದು ಬರಲು ‘ತಲೆ ಕೆಟ್ಟವರು’ ಎಂಬ ಹೆಸರಿನ ಭಯ ಬೇರೆ. ನೆರೆ ಬಂದ ವಾರದ ಸಾಂತ್ವನವೂ ಸಾಲದು, ಹೆದರಿಕೆ ಮರಳುವುದು ಮುಂದಿನ ಮುಂಗಾರಿಗೆ. ನೆರೆ ಕಂಡ ಊರುಗಳಲ್ಲಿ ಜೂನ್ ಬಂದರೆ ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ಜೊತೆ ನಿದ್ದೆಯನ್ನೂ ವಿಚಾರಿಸಲಿ. ಅದಕ್ಕೆ ತರಬೇತಿ ಕೊಡಿ, ದುಡ್ಡೂ ಕೊಡಿ.